ಬತ್ತಿ ಗೆದ್ದರೆ ಘಮ ಗೆದ್ದಂತೆ

ಕೊಡಗಿನಲ್ಲಿ ಪ್ರವಾಸಿಗರು ಕೊಂಡೊಯ್ಯುವ ಕಾಫಿಪುಡಿ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಮನೆಯಲ್ಲೇ ಮಾಡಿದ ಚಾಕಲೇಟುಗಳ ಸಾಲಿಗೆ ಈಗ ಗಾಜಿನ ಲೋಟದಲ್ಲಿ ಹುಯ್ದ ಸುವಾಸನೆಯ ಮೇಣದಬತ್ತಿಯೂ ಸೇರಿಕೊಳ್ಳುತ್ತಿದೆ. ಹೋಂಸ್ಟೇ ನಡೆಸುವವರು ಕೋಣೆಗಳಲ್ಲಿ ಹಚ್ಚಿಡಲು, ಗೃಹಿಣಿಯರು ಮಳೆಗಾಲದ ಬಿಡುವಿನಲ್ಲಿ ನಾಲ್ಕು ಕಾಸು ಸಂಪಾದಿಸಲು ಇದನ್ನು ಕಲಿಯಲು ಮುಂದಾಗುತ್ತಿದ್ದಾರೆ. ಹೊಸ ವಿದ್ಯೆ ಮನೆಯೊಳಗೆ ಬರುವುದು ಸಂತೋಷದ ಸಂಗತಿಯೇ. ಆದರೆ ಹೊಸಬರು ಮೊದಲು ದುಡ್ಡು ಸುರಿಯುವುದು ಸುಗಂಧ ತೈಲಕ್ಕೆ, ಆಮೇಲೆ ಚೆಂದದ ಲೋಟಕ್ಕೆ. ಅಂಗಡಿಯವರು ಕೊಟ್ಟ ಯಾವುದೋ ಒಂದು ಬತ್ತಿ ಕೊನೆಗೆ ಸೇರಿಕೊಳ್ಳುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು ಎನ್ನುವುದೇ ಈ ಬರಹದ ಮುಖ್ಯ ಮಾತು. ಮೊದಲು ಬತ್ತಿ, ಆಮೇಲೆ ಮೇಣ, ಕೊನೆಗೆ ಘಮ.

ಸೋಯಾ ಮೇಣ ಎಂದರೇನು ಎಂಬುದನ್ನು ಮೊದಲು ನೋಡೋಣ. ಸೋಯಾ ಅವರೆ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಬೀದರ್, ಬೆಳಗಾವಿ, ಧಾರವಾಡದ ಹೊಲಗಳಲ್ಲಿ ಅದು ಮುಂಗಾರಿನ ಬೆಳೆ. ಅದರ ಎಣ್ಣೆ ಕೋಣೆಯ ಬಿಸಿಗೆ ತೆಳುವಾಗಿರುತ್ತದೆ. ನಿಕ್ಕಲ್ ಲೋಹದ ಸಮ್ಮುಖದಲ್ಲಿ ಆ ಎಣ್ಣೆಗೆ ಜಲಜನಕವನ್ನು ಕೂಡಿಸಿದರೆ ಅದು ಗಟ್ಟಿಯಾಗುತ್ತದೆ. ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿದ್ದ ಡಾಲ್ಡಾ ತಯಾರಾದದ್ದೂ ಇದೇ ರಸಾಯನ ಕ್ರಿಯೆಯಿಂದ. ಅಲ್ಲಿ ಅರ್ಧ ಗಟ್ಟಿ, ಇಲ್ಲಿ ಇನ್ನಷ್ಟು ಗಟ್ಟಿ, ವ್ಯತ್ಯಾಸ ಅಷ್ಟೇ. ಸೋಯಾ ಎಣ್ಣೆಯಿಂದ ಹೀಗೆ ಮೇಣದಬತ್ತಿ ಮಾಡಬಹುದೆಂದು 1990ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಅಯೋವಾ ರಾಜ್ಯದ ಮೈಕೆಲ್ ರಿಚರ್ಡ್ಸ್. ದುಬಾರಿ ಜೇನುಮೇಣಕ್ಕೆ ಬದಲಿ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ತಮ್ಮ ಸೀಮೆಯಲ್ಲೇ ಹೇರಳವಾಗಿ ಬೆಳೆಯುವ ಸೋಯಾ. ಲೋಟದಲ್ಲಿ ಹುಯ್ಯುವ ಸೋಯಾ ಮೇಣ ಸಾಮಾನ್ಯವಾಗಿ 45ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹೀಗೆ ಬೇಗ ಕರಗುವುದರಿಂದಲೇ ಅದನ್ನು ಗಾಜು ಅಥವಾ ತಗಡಿನ ಡಬ್ಬಿಯಲ್ಲಿ ಹುಯ್ಯುತ್ತಾರೆ. ಕಂಬದಂತೆ ನಿಲ್ಲಿಸಬೇಕಾದರೆ ಅದಕ್ಕೆಂದೇ ತಯಾರಿಸಿದ ಗಟ್ಟಿ ಬಗೆಯ ಮೇಣ ಬೇಕು.

ಸಸ್ಯದ ಕೊಬ್ಬಿನಿಂದ ಮೇಣದಬತ್ತಿ ಮಾಡುವುದು ನಮ್ಮ ಘಟ್ಟಕ್ಕೆ ಹೊರಗಿನಿಂದ ಬಂದ ಕಲ್ಪನೆಯೇನಲ್ಲ. ಪಶ್ಚಿಮಘಟ್ಟದ ಮಳೆಕಾಡಿನಲ್ಲಷ್ಟೇ ಸಹಜವಾಗಿ ಬೆಳೆಯುವ ಧೂಪದ ಮರವನ್ನು ನೋಡಿ. ಕೆಲವೆಡೆ ರಸ್ತೆಬದಿಯ ಸಾಲುಮರವಾಗಿಯೂ ನೆಟ್ಟಿರುವುದರಿಂದ ಸಾಲುಧೂಪ ಎಂದೂ ಕರೆಯುತ್ತಾರೆ. ಅದರ ತೊಗಟೆಯಿಂದ ಒಸರುವ ಅಂಟು ಪೂಜೆಯ ಧೂಪವಾಗುತ್ತದೆ. ಅದರ ಬೀಜವನ್ನು ಜಜ್ಜಿ ನೀರಿನಲ್ಲಿ ಕುದಿಸಿದರೆ ಗಟ್ಟಿಯಾದ ಕೊಬ್ಬು ತೇಲಿ ಬರುತ್ತದೆ. ಬ್ರಿಟಿಷರ ಕಾಲದ ಬರಹಗಳಲ್ಲಿ ‘ಪೈನಿ ಟ್ಯಾಲೋ’ ಎಂದು ಹೆಸರಾದ ಆ ಕೊಬ್ಬನ್ನು ಕೆನರಾ, ಮಲಬಾರ್ ಸೀಮೆಗಳಲ್ಲಿ ಮೇಣದಬತ್ತಿಗೂ ಸಾಬೂನಿಗೂ ಬಳಸುತ್ತಿದ್ದರು. ಉರಿಯುವ ಕೊಬ್ಬು, ಘಮಿಸುವ ಅಂಟು ಎರಡನ್ನೂ ಕೊಡುವ ಮರ ನಮ್ಮ ಕಾಡಿನಲ್ಲೇ ಇತ್ತು. ಇಂದು ಆ ಮರವನ್ನು ಕೆತ್ತಿ ಅಂಟು ತೆಗೆಯುವ ಕಾಲವಲ್ಲ, ಅದನ್ನು ಉಳಿಸಿಕೊಳ್ಳಬೇಕಾದ ಕಾಲ. ಆದರೂ ಈ ವಿದ್ಯೆಗೆ ಇಲ್ಲೊಂದು ಬೇರಿದೆ ಎಂಬುದು ಕಲಿಯುವವರಿಗೆ ಗೊತ್ತಿರಲಿ.

ಇನ್ನೊಂದು ಬೇರು ಜೇನುಮೇಣದ್ದು. ವಿರಾಜಪೇಟೆಯಲ್ಲಿ 1936ರಷ್ಟು ಹಿಂದೆಯೇ ಜೇನು ಕೃಷಿಕರು ಸಹಕಾರ ಸಂಘ ಕಟ್ಟಿದರು. ಆ ಸಂಘದ ಹೆಸರಿನಲ್ಲಿ ಜೇನಿನ ಜೊತೆಗೆ ಮೇಣವೂ ಇತ್ತು. ಭಾಗಮಂಡಲದ ಸುತ್ತಮುತ್ತ ತುಡುವೆ ಜೇನಿನ ಪೆಟ್ಟಿಗೆ ಇಲ್ಲದ ತೋಟ ಅಪರೂಪವೆನಿಸಿದ್ದ ಕಾಲವೊಂದಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಳಿಸಿಹಾಕಿತು. ಕೊಡಗಿನ ಜೇನು ಕೃಷಿಯ ಬೆನ್ನೆಲುಬೇ ಮುರಿಯಿತು. ಈಗ ಮತ್ತೆ ಚೇತರಿಸಿಕೊಂಡಿರುವ ಜೇನು ಕೃಷಿಕರ ಬಳಿ ಜೇನು ಹಿಂಡಿದ ಮೇಲೆ ಉಳಿಯುವ ಮೇಣವಿದೆ. 62ರಿಂದ 64 ಡಿಗ್ರಿಯಲ್ಲಿ ಕರಗುವ ಅದನ್ನು ಸೋಯಾ ಮೇಣಕ್ಕೆ ಹತ್ತರಲ್ಲೊಂದು ಪಾಲು ಬೆರೆಸಿದರೆ ಮೇಣದಬತ್ತಿ ಗಟ್ಟಿಯಾಗುತ್ತದೆ, ಬಿಸಿಲಿಗೆ ಬೇಗ ಮೆತ್ತಗಾಗುವುದಿಲ್ಲ. ಮಡಿಕೇರಿಯಲ್ಲಿ ಕೊಂಡ ಬತ್ತಿ ಮೈಸೂರಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕರಗಿ ಹರಿಯಬಾರದು ಎಂದರೆ ಈ ಬೆರಕೆ ಉಪಯೋಗಕ್ಕೆ ಬರುತ್ತದೆ.

ಈಗ ಬತ್ತಿಯ ವಿಷಯ. ಮೈಕೆಲ್ ಫ್ಯಾರಡೆ 1860–61ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸ ಕೊಟ್ಟರು. ಆರಕ್ಕೂ ವಿಷಯ ಒಂದು ಮೇಣದಬತ್ತಿ. ಅವರು ಮಾಡಿ ತೋರಿಸಿದ ಪ್ರಯೋಗವೊಂದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಗಾಳಿಯಾಡದ ಕೋಣೆಯಲ್ಲಿ ಸ್ವಲ್ಪ ಹೊತ್ತು ಉರಿದ ಬತ್ತಿಯನ್ನು ಮೆಲ್ಲನೆ ಆರಿಸಿ. ಬತ್ತಿಯ ತುದಿಯಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಕೂಡಲೇ ಗೀರಿದ ಬೆಂಕಿಕಡ್ಡಿಯನ್ನು ಬತ್ತಿಗೆ ತಾಗಿಸದೆ, ಎರಡು ಮೂರು ಅಂಗುಲ ಮೇಲೆ, ಆ ಹೊಗೆಯ ಎಳೆಗೆ ಹಿಡಿಯಿರಿ. ಜ್ವಾಲೆ ಆ ಎಳೆಗುಂಟ ಇಳಿದು ಬಂದು ಬತ್ತಿಯ ಮೇಲೆ ಕೂರುತ್ತದೆ. ಆ ಬಿಳಿ ಎಳೆ ಮೇಣದ ಆವಿ. ಅಂದರೆ ಉರಿಯುವುದು ಗಟ್ಟಿ ಮೇಣವೂ ಅಲ್ಲ, ಕರಗಿದ ಮೇಣವೂ ಅಲ್ಲ, ಅದರ ಆವಿ. ಬತ್ತಿಯ ನೂಲು ಕರಗಿದ ಮೇಣವನ್ನು ಹೀರಿ ಮೇಲಕ್ಕೆ ತರುತ್ತದೆ, ಜ್ವಾಲೆಯ ಬಿಸಿ ಅದನ್ನು ಆವಿಯಾಗಿಸುತ್ತದೆ, ಆವಿ ಉರಿಯುತ್ತದೆ, ಆ ಬಿಸಿಗೆ ಇನ್ನಷ್ಟು ಮೇಣ ಕರಗುತ್ತದೆ.

ಇದು ತಿಳಿದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಬತ್ತಿ ತೆಳುವಾದರೆ ಹೀರುವ ಮೇಣ ಕಡಿಮೆ, ಜ್ವಾಲೆ ಚಿಕ್ಕದು. ಲೋಟದ ಅಂಚಿನ ಮೇಣ ಕರಗದೆ ನಡುವೆ ಮಾತ್ರ ಕುಳಿ ಬೀಳುತ್ತದೆ. ಕೊನೆಗೆ ಬತ್ತಿ ತನ್ನದೇ ಮೇಣದಲ್ಲಿ ಮುಳುಗಿ ಆರುತ್ತದೆ. ಬತ್ತಿ ದಪ್ಪವಾದರೆ ಹೀರುವ ಮೇಣ ಹೆಚ್ಚು. ಅಷ್ಟೂ ಆವಿ ಉರಿಯಲು ಗಾಳಿ ಸಾಲದೆ ಕಪ್ಪು ಹೊಗೆ ಏಳುತ್ತದೆ, ಲೋಟದ ಬಾಯಿಗೆ ಮಸಿ ಹಿಡಿಯುತ್ತದೆ, ಗಾಜು ಮುಟ್ಟಲಾಗದಷ್ಟು ಕಾಯುತ್ತದೆ. ಘಮ ಏಳುವುದೂ ಜ್ವಾಲೆಯ ಸುತ್ತ ಕರಗಿ ನಿಂತ ಮೇಣದ ಮೈಯಿಂದಲೇ. ಆ ಕೊಳ ಅಂಚಿನಿಂದ ಅಂಚಿಗೆ ಹರಡದಿದ್ದರೆ ಎಷ್ಟೇ ದುಬಾರಿ ತೈಲ ಹಾಕಿದ್ದರೂ ಪಕ್ಕದ ಕೋಣೆಗೆ ಸುಳಿವು ಹತ್ತುವುದಿಲ್ಲ. ಪರಿಮಳ ಸಾಲದು ಎಂದು ಇನ್ನಷ್ಟು ತೈಲ ಸುರಿಯುವವರು ಬಹಳ ಜನ. ಅವರಲ್ಲಿ ಹೆಚ್ಚಿನವರು ಬದಲಿಸಬೇಕಾದದ್ದು ಬತ್ತಿಯನ್ನು.

ಆದ್ದರಿಂದ ಮೊದಲ ಕೆಲಸ ಬತ್ತಿಯ ಪರೀಕ್ಷೆ. ಲೋಟದ ಒಳ ಅಗಲವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಆ ಅಗಲಕ್ಕೆ ಮಾರಾಟಗಾರರು ಸೂಚಿಸುವ ಹತ್ತಿಯ ಬತ್ತಿ, ಅದಕ್ಕಿಂತ ಒಂದು ಮಟ್ಟ ತೆಳುವಾದದ್ದು, ಒಂದು ಮಟ್ಟ ದಪ್ಪದ್ದು, ಹೀಗೆ ಮೂರು ಬಗೆ ತರಿಸಿ. ಒಂದೇ ಬಗೆಯ ಮೂರು ಲೋಟಗಳಲ್ಲಿ ಒಂದೇ ಮೇಣ ಹುಯ್ದು, ಮೂರು ಬತ್ತಿ ಕೂರಿಸಿ, ಹೆಸರಿನ ಚೀಟಿ ಅಂಟಿಸಿ. ಹಚ್ಚಿದ ಮೇಲೆ ಲೋಟದ ಅಗಲದ ಪ್ರತಿ ಎರಡೂವರೆ ಸೆಂಟಿಮೀಟರಿಗೆ ಸುಮಾರು ಒಂದು ಗಂಟೆಯ ಲೆಕ್ಕದಲ್ಲಿ ಕಾಯಿರಿ. ಏಳೂವರೆ ಸೆಂಟಿಮೀಟರ್ ಅಗಲದ ಲೋಟಕ್ಕೆ ಮೂರು ಗಂಟೆ. ಅಷ್ಟರಲ್ಲಿ ಮೇಣದ ಕೊಳ ಅಂಚು ಮುಟ್ಟಿ ಒಂದು ಸೆಂಟಿಮೀಟರ್ ಆಸುಪಾಸಿನ ಆಳಕ್ಕೆ ನಿಂತಿರಬೇಕು, ಜ್ವಾಲೆ ಕುಣಿಯದೆ ನೆಟ್ಟಗಿರಬೇಕು, ಹೊಗೆ ಕಾಣಬಾರದು. ಮೂರರಲ್ಲಿ ಯಾವುದು ಹೀಗೆ ಉರಿಯಿತೋ ಅದು ಆ ಲೋಟದ ಬತ್ತಿ. ಲೋಟ ಬದಲಾದರೆ, ಮೇಣ ಬದಲಾದರೆ, ತೈಲ ಬದಲಾದರೂ ಪರೀಕ್ಷೆ ಮತ್ತೆ ಮೊದಲಿನಿಂದ. ಸುಗಂಧ ತೈಲ ಮೇಣದ ತೆಳುವು-ಮಂದಗಳನ್ನು ಬದಲಿಸುವುದರಿಂದ ಬರಿಯ ಮೇಣಕ್ಕೆ ಒಗ್ಗಿದ ಬತ್ತಿ ಘಮದ ಮೇಣಕ್ಕೆ ಒಗ್ಗಲೇಬೇಕೆಂದಿಲ್ಲ.

ಬತ್ತಿ ಗೊತ್ತಾದ ಮೇಲೆ ಹುಯ್ಯುವ ಕೆಲಸ. ಬೇಕಾದದ್ದು ಒಂದು ಡಿಜಿಟಲ್ ತಕ್ಕಡಿ, ಒಂದು ಥರ್ಮಾಮೀಟರ್, ಮೂತಿಯಿರುವ ಸ್ಟೀಲ್ ಜಗ್, ಅದು ಕೂರುವಷ್ಟು ಅಗಲದ ಪಾತ್ರೆ. ಲೋಟದಲ್ಲಿ ಮೇಣ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ನೀರು ತುಂಬಿ ತೂಗಿ. ನೀರು 200 ಗ್ರಾಂ ತೂಗಿದರೆ ಮೇಣ ಮತ್ತು ತೈಲ ಸೇರಿ ಸುಮಾರು 180 ಗ್ರಾಂ ಹಿಡಿಯುತ್ತದೆ. ಮೇಣ ನೀರಿಗಿಂತ ಹಗುರ. ಅದರಲ್ಲಿ ಮೇಣ 170 ಗ್ರಾಂ, ತೈಲ 10 ಗ್ರಾಂ. ಇದು ನೂರಕ್ಕೆ ಆರರ ಹತ್ತಿರದ ಪ್ರಮಾಣ, ಕಲಿಯುವವರಿಗೆ ಹದವಾದದ್ದು. ಹತ್ತನ್ನು ದಾಟಿದರೆ ಸಾಮಾನ್ಯವಾಗಿ ಮೇಣ ಹಿಡಿದಿಟ್ಟುಕೊಳ್ಳಲಾರದೆ ತೈಲ ಮೇಲೆ ಬೆವರುತ್ತದೆ, ಬತ್ತಿಯೂ ಕಟ್ಟಿಕೊಳ್ಳುತ್ತದೆ. ತೈಲವನ್ನು ಹನಿ ಎಣಿಸಿ, ಚಮಚ ಎಣಿಸಿ ಹಾಕಬೇಡಿ, ತೂಗಿಯೇ ಹಾಕಿ. ಒಂದೊಂದು ತೈಲದ ಹನಿಯ ತೂಕ ಒಂದೊಂದು.

ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಜಗ್ ಇಟ್ಟು, ಮೇಣವನ್ನು 75ರಿಂದ 80 ಡಿಗ್ರಿಯವರೆಗೆ ಕರಗಿಸಿ. ಜಗ್ಗನ್ನು ನೇರವಾಗಿ ಒಲೆಯ ಮೇಲಿಡಬಾರದು. ಇಳಿಸಿ, 65ರಿಂದ 70ಕ್ಕೆ ಬಂದಾಗ ತೈಲ ಹಾಕಿ, ಗುಳ್ಳೆ ಏಳದಂತೆ ನಿಧಾನವಾಗಿ ಎರಡು ನಿಮಿಷ ಕಲಕಿ. ಈ ಎರಡು ನಿಮಿಷದಲ್ಲಿ ಆತುರಪಟ್ಟರೆ ತೈಲ ತಳ ಸೇರುತ್ತದೆ. ನೀವು ಕೊಂಡ ಮೇಣದ ಪೊಟ್ಟಣದ ಮೇಲೆ ಬೇರೆ ಬಿಸಿ ಸೂಚಿಸಿದ್ದರೆ ಅದನ್ನೇ ನಂಬಿ. ಸೋಯಾ ಮೇಣದಲ್ಲಿ ಹಲವು ಬಗೆಗಳಿವೆ. ಆಮೇಲೆ 50ರಿಂದ 60 ಡಿಗ್ರಿಯ ನಡುವೆ ಹುಯ್ಯಿರಿ. ಹುಯ್ದಾಗ ತಿಳಿ ಎಣ್ಣೆಯಂತಿದ್ದದ್ದು ಮೊದಲು ಗಾಜಿನ ಅಂಚಿನಲ್ಲಿ ಮಸುಕಾಗಿ, ನಿಧಾನವಾಗಿ ಒಳಮುಖವಾಗಿ ಬೆಳ್ಳಗಾಗುತ್ತಾ ಬರುತ್ತದೆ. ಬತ್ತಿಯ ಸುತ್ತಲಿನ ಜಾಗ ಗಟ್ಟಿಯಾಗುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತೂ ಲೋಟವನ್ನು ಕದಲಿಸಬಾರದು, ಬತ್ತಿಯನ್ನು ಎರಡು ಕಡ್ಡಿಗಳ ನಡುವೆ ನೆಟ್ಟಗೆ ಹಿಡಿದಿಡಬೇಕು. ಮುಚ್ಚಳ ಹಾಕಿ ಒಂದರಿಂದ ಎರಡು ವಾರ ಹಾಗೇ ಬಿಟ್ಟರೆ ಮೇಣದ ಹರಳುಗಳು ನೆಲೆಗೊಂಡು ಘಮ ಕೂಡಿಕೊಳ್ಳುತ್ತದೆ. ಹುಯ್ದ ಮರುದಿನವೇ ಹಚ್ಚಿ ವಾಸನೆಯೇ ಬರಲಿಲ್ಲ ಎನ್ನುವುದು ನ್ಯಾಯವಲ್ಲ.

ಈ ಲೆಕ್ಕವನ್ನು ಕೊಡಗಿನ ಮಳೆಗಾಲಕ್ಕೆ ಬಂದಾಗ ಸ್ವಲ್ಪ ತಿದ್ದಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಕಡೆ ಕೋಣೆಯೊಳಗೇ 20 ಡಿಗ್ರಿಯ ಸುತ್ತಮುತ್ತಲಿನ ಚಳಿ, ಗೋಡೆಯಲ್ಲಿ ತೇವ. ತಣ್ಣಗಿನ ಗಾಜಿಗೆ ಬಿಸಿ ಮೇಣ ಬಿದ್ದ ಕೂಡಲೇ ಅಂಚು ಹೆಪ್ಪುಗಟ್ಟಿ ಕುಗ್ಗುತ್ತದೆ. ಗಾಜಿನಿಂದ ಬಿಟ್ಟುಕೊಂಡು ಒದ್ದೆಯ ಕಲೆಯಂತೆ ಕಾಣುತ್ತದೆ, ಮೇಲ್ಮೈ ಬಿರುಕು ಬಿಡುತ್ತದೆ. ಅದಕ್ಕೆ ಲೋಟಗಳನ್ನು ಮೊದಲೇ ಉಗುರುಬೆಚ್ಚಗೆ ಮಾಡಿ, ಒಳಗೆ ಒಂದು ಹನಿ ತೇವವೂ ಉಳಿಯದಂತೆ ಒಣ ಬಟ್ಟೆಯಲ್ಲಿ ಒರೆಸಿ, ಮೇಣವನ್ನು 60ರ ಹತ್ತಿರದ ಬಿಸಿಯಲ್ಲೇ ಹುಯ್ಯಿರಿ. ಹುಯ್ದ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿಟ್ಟರೆ ನಿಧಾನವಾಗಿ ಆರುತ್ತದೆ. ಬೇಗ ಆರಲೆಂದು ಫ್ಯಾನಿನ ಕೆಳಗೋ, ಅಗ್ಗಿಷ್ಟಿಕೆಯ ಪಕ್ಕದಲ್ಲೋ ಇಡಬೇಡಿ. ಹತ್ತಿಯ ಬತ್ತಿಗಳು ಗಾಳಿಯ ತೇವ ಹೀರುತ್ತವೆ. ತೇವಗೊಂಡ ಬತ್ತಿ ಚಟಪಟ ಸಿಡಿಯುತ್ತದೆ. ಅವನ್ನು ಕಾಫಿಪುಡಿ ಇಟ್ಟಂತೆ ಗಾಳಿಯಾಡದ ಡಬ್ಬಿಯಲ್ಲೇ ಇಡಿ. ಮೇಲ್ಮೈಯಲ್ಲಿ ಬಿಳಿ ಮಂಜು ಕೂತಂತೆ ಕಂಡರೆ ಗಾಬರಿ ಬೇಡ. ಅದು ಸಸ್ಯ ಕೊಬ್ಬಿನ ಹರಳು. ಉರಿಯುವುದಕ್ಕೂ ಘಮಕ್ಕೂ ಅದರಿಂದ ತೊಂದರೆಯಿಲ್ಲ.

ಘಮದ ಮಾತಿಗೆ ಬಂದರೆ ಕೊಡಗಿನವರಿಗೆ ಮೊದಲು ನೆನಪಾಗುವುದು ಕಾಫಿ ಹೂವು. ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ಊರನ್ನೇ ಆವರಿಸುತ್ತದೆ. ಆ ಹೂವನ್ನು ಎಣ್ಣೆಯಲ್ಲಿ ನೆನೆಹಾಕಿ ಬತ್ತಿಗೆ ಬಳಸೋಣ ಎಂಬ ಆಸೆ ಸಹಜ, ಆದರೆ ಕೈಗೂಡುವುದಿಲ್ಲ. ಮಲ್ಲಿಗೆಯಂಥ ನವಿರು ಹೂಗಳ ಘಮ ಹಬೆಯ ಬಿಸಿಯನ್ನು ತಾಳುವುದಿಲ್ಲ. ದ್ರಾವಕಗಳಿಂದ ಕಾರ್ಖಾನೆಯಲ್ಲಿ ತೆಗೆಯಬೇಕು. ಮನೆಯ ಎಣ್ಣೆಯಲ್ಲಿ ನೆನೆದ ಹೂವಿನಿಂದ ಉಳಿಯುವುದು ಕೊಳೆತ ಎಲೆಯ ವಾಸನೆ. ಹುರಿದ ಕಾಫಿಪುಡಿಯನ್ನು ಮೇಣಕ್ಕೆ ಕಲಸುವುದೂ ತಪ್ಪು: ಪುಡಿಯ ಕಣಗಳು ಬತ್ತಿಯ ನೂಲಿನ ಸಂದುಗಳನ್ನು ಮುಚ್ಚಿ ಅದನ್ನು ಆರಿಸುತ್ತವೆ. ಅಂದಕ್ಕೆಂದು ಮೇಲೆ ಜೋಡಿಸುವ ಕಾಫಿಬೀಜ, ಏಲಕ್ಕಿ, ಚಕ್ಕೆ, ಒಣಹೂವು ಕರಗಿದ ಮೇಣದಲ್ಲಿ ತೇಲಿ ಜ್ವಾಲೆಯತ್ತ ಹೋಗಿ ತಾವೇ ಇನ್ನೊಂದು ಬತ್ತಿಯಾಗಿ ಹೊತ್ತಿಕೊಳ್ಳುತ್ತವೆ. ಫೋಟೋದಲ್ಲಿ ಚೆನ್ನಾಗಿ ಕಾಣುವ ಅವು ಮನೆ ಸುಡಬಲ್ಲವು. ಅಡುಗೆಗೆ ಬಳಸುವ ವೆನಿಲಾ ಎಸೆನ್ಸ್ ಕೂಡ ಬೇಡ. ಅದರಲ್ಲಿರುವ ನೀರು, ಮದ್ಯಸಾರ ಮೇಣದೊಂದಿಗೆ ಬೆರೆಯುವುದಿಲ್ಲ.

ಹಬೆಯಲ್ಲಿ ಇಳಿಸಿದ ತೈಲಗಳಲ್ಲಿ ನಮಗೆ ಒದಗುವಂಥವು ಸಾಕಷ್ಟಿವೆ: ಏಲಕ್ಕಿ, ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಮಜ್ಜಿಗೆಹುಲ್ಲು, ಲಾವಂಚ. ಭೌಗೋಳಿಕ ಸೂಚಕ ಪಡೆದ ಕೊಡಗಿನ ಕಿತ್ತಳೆಯ ಹೆಸರಿಗೆ ಮರುಳಾಗದವರಿಲ್ಲ, ಆದರೆ ಕಿತ್ತಳೆ ಸಿಪ್ಪೆಯ ತೈಲ ಬಲು ಬೇಗ ಹಾರಿಹೋಗುತ್ತದೆ, ಸುಮಾರು 50 ಡಿಗ್ರಿಯ ಬಿಸಿಗೇ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಅದನ್ನು ಬೆರೆಸುವಾಗ ಹತ್ತಿರ ಒಲೆ ಉರಿಯುತ್ತಿರಬಾರದು. ಕಿತ್ತಳೆಯೊಂದನ್ನೇ ಹಾಕುವ ಬದಲು ಬೇಗ ಹಾರುವುದು, ನಡುವಿನದು, ತಡವಾಗಿ ಹಾರುವುದು ಎಂದು ಮೂರನ್ನು ಕೂಡಿಸಬೇಕು. 10 ಗ್ರಾಂ ತೈಲದಲ್ಲಿ ಕಿತ್ತಳೆ 5, ಏಲಕ್ಕಿ 3, ಲಾವಂಚ 2 ಗ್ರಾಂ ಇಟ್ಟು ನೋಡಿ. ಕಿತ್ತಳೆ ಬಾಗಿಲು ತೆರೆಯುತ್ತದೆ, ಏಲಕ್ಕಿ ಕೂತು ಮಾತಾಡಿಸುತ್ತದೆ, ಲಾವಂಚದ ಮಣ್ಣಿನ ವಾಸನೆ ಎರಡನ್ನೂ ಹಿಡಿದಿಡುತ್ತದೆ. ಗಂಧದೆಣ್ಣೆಯ ವಿಷಯದಲ್ಲಿ ಎಚ್ಚರವಿರಲಿ. ಮೈಸೂರಿನಲ್ಲಿ 1916ರಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾದ ನಾಡು ನಮ್ಮದು. ಅಸಲಿ ಗಂಧದೆಣ್ಣೆಯ ಬೆಲೆ ನಮಗೆ ಗೊತ್ತು. ಅಗ್ಗದ ಬತ್ತಿಯಲ್ಲಿ ಅದು ಇರುವುದು ಸಾಧ್ಯವಿಲ್ಲ.

ಉರಿಸುವವರಿಗೂ ಕಲಿಸಬೇಕಾದ ನಾಲ್ಕು ಮಾತುಗಳಿವೆ. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಅಂಚು ಮುಟ್ಟುವವರೆಗೆ ಆರಿಸಬಾರದು. ಮೊದಲ ದಿನ ಬಿದ್ದ ಕುಳಿಯನ್ನು ಬತ್ತಿ ಕೊನೆಯವರೆಗೂ ಬಿಡುವುದಿಲ್ಲ. ಪ್ರತಿ ಸಲ ಹಚ್ಚುವ ಮುನ್ನ ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಬೇಕು. ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬಾರದು. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಬೇಕು, ಇಲ್ಲವಾದರೆ ಗಾಜು ಸಿಡಿಯಬಹುದು. ತೆಂಗಿನ ಚಿಪ್ಪು, ಬಿದಿರಿನ ಬೊಂಬು ಕೊಡಗಿನ ಚಹರೆ ಕೊಡುತ್ತವೆ ನಿಜ, ಆದರೆ ಎರಡೂ ಉರಿಯುವ ವಸ್ತುಗಳು. ಅವುಗಳಲ್ಲಿ ಮೇಣ ಹುಯ್ಯಬೇಡಿ. ದಪ್ಪ ಗಾಜು, ಸ್ಟೀಲ್, ತಗಡಿನ ಡಬ್ಬಿಗಳೇ ಸರಿ. ಕರಗಿಸುವಾಗ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬಾರದು, ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು. ಮಳೆಗಾಲವೆಂದು ಕಿಟಕಿ ಪೂರ್ತಿ ಮುಚ್ಚಿದ ಕೋಣೆಯಲ್ಲಿ ಯಾವ ಬತ್ತಿಯನ್ನೂ ತುಂಬ ಹೊತ್ತು ಉರಿಸುವುದು ಒಳ್ಳೆಯದಲ್ಲ. ಆಸ್ತಮಾ ಇರುವವರ ಕೋಣೆಯಲ್ಲಿ ಘಮದ ಬತ್ತಿ ಬೇಡವೇ ಬೇಡ.

ಮಾರುವವರಿಗೆ ಒಂದು ಕಳಕಳಿಯ ಮಾತು. ‘ಹೊಗೆಯೇ ಇಲ್ಲ’, ‘ನೂರಕ್ಕೆ ನೂರು ನೈಸರ್ಗಿಕ’ ಎಂದು ಬರೆಯುವ ಚಾಳಿಗೆ ಬೀಳಬೇಡಿ. ಪೆಟ್ರೋಲಿಯಂ ಸಂಸ್ಕರಣೆಯಿಂದ ಬರುವ ಪ್ಯಾರಾಫಿನ್ನಿಗೆ ಹೋಲಿಸಿದರೆ ಸೋಯಾ ಬೆಳೆಯಿಂದ ಬಂದದ್ದು, ಮತ್ತೆ ಬೆಳೆಯಬಲ್ಲದ್ದು ಎನ್ನುವುದು ನಿಜ. ಆದರೆ ಬತ್ತಿ ತಪ್ಪಿದರೆ ಸೋಯಾ ಕೂಡ ಮಸಿ ಕಾರುತ್ತದೆ, ಅದು ಕಾರ್ಖಾನೆಯ ಸಂಸ್ಕರಣೆ ದಾಟಿಯೇ ಬರುತ್ತದೆ. ಕೃತಕ ಸುಗಂಧ ಬಳಸಿದ್ದರೆ ಹಾಗೆಂದೇ ಬರೆಯಿರಿ, ಪ್ಯಾರಾಫಿನ್ ಬೆರೆಸಿದ್ದರೆ ಅದನ್ನೂ ಬರೆಯಿರಿ. ಎಷ್ಟು ಗ್ರಾಂ, ಯಾವ ಮೇಣ, ಯಾವ ಘಮ, ಉರಿಸುವ ಕ್ರಮ ಇಷ್ಟನ್ನು ಕನ್ನಡದಲ್ಲೂ ಅಚ್ಚು ಹಾಕಿದ ಚೀಟಿ ಪ್ರತಿ ಲೋಟದ ತಳದಲ್ಲಿರಲಿ. ಕೊಡಗಿನ ಜೇನು, ಕೊಡಗಿನ ಕಾಫಿ ಎಂಬ ಹೆಸರಿಗೆ ಇರುವ ಗೌರವ ಬೆಳೆಗಾರರು ತಲೆಮಾರುಗಳಿಂದ ಗಳಿಸಿದ್ದು. ಅದೇ ಹೆಸರು ಹೊತ್ತ ಬತ್ತಿ ಆ ಗೌರವಕ್ಕೆ ತಕ್ಕದ್ದಾಗಿರಬೇಕು. ಸ್ವಸಹಾಯ ಸಂಘಗಳು ಪಕ್ಕದ ಜೇನು ಕೃಷಿಕರಿಂದ ಮೇಣ, ತೈಲ ಇಳಿಸಲು ಪಕ್ಕದ ತೋಟದವರಿಂದ ಏಲಕ್ಕಿ ಪಡೆದು ಈ ಕೆಲಸಕ್ಕೆ ಕೂಡಿಸಿಕೊಂಡರೆ ದುಡಿಮೆಯ ದುಡ್ಡಿನ ಒಂದು ಪಾಲಾದರೂ ಊರಲ್ಲೇ ಸುತ್ತುತ್ತದೆ.

ಶುರು ಮಾಡಲು ದೊಡ್ಡ ಬಂಡವಾಳ ಬೇಡ. ಒಂದು ಕಿಲೋ ಮೇಣ, ಮೂರು ಗಾತ್ರದ ಬತ್ತಿ, ಒಂದೇ ಅಳತೆಯ ಮೂರು ಲೋಟ, ತಕ್ಕಡಿ, ಥರ್ಮಾಮೀಟರ್, ಹುಯ್ದ ಬಿಸಿಯನ್ನೂ ಉರಿದ ಗಂಟೆಯನ್ನೂ ಬರೆದಿಡಲು ಒಂದು ನೋಟ್‌ಬುಕ್. ಮೊದಲ ತಿಂಗಳು ಘಮವಿಲ್ಲದ ಬತ್ತಿಯನ್ನೇ ಹುಯ್ದು, ಹಚ್ಚಿ, ಜ್ವಾಲೆಯ ಮುಂದೆ ಕೂತು ನೋಡಿ. ಬರಿಯ ಮೇಣ ಅಂಚಿನಿಂದ ಅಂಚಿಗೆ ಚೊಕ್ಕವಾಗಿ ಉರಿದ ದಿನ ಏಲಕ್ಕಿ ತೈಲದ ಬಾಟಲಿ ತರಿಸಿ.